ಶಾರ್ಟ್‌ವೇವ್ ರೇಡಿಯೋ: ಯಾರಿಗೆ ಯಾವ ಸೆಟ್ಟು?

ಶಾರ್ಟ್‌ವೇವ್ ರೇಡಿಯೋ ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಮಾಡೆಲ್ ಒಳ್ಳೆಯದು ಎಂದು. ಅದಕ್ಕೆ ಮುಂಚೆ ಇನ್ನೆರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು: ಎಲ್ಲಿ ಕೂತು ಕೇಳುತ್ತೀರಿ, ಏನನ್ನು ಕೇಳುತ್ತೀರಿ? ಮಲೆನಾಡಿನ ಒಂಟಿಮನೆಯ ಜಗಲಿಯಲ್ಲಿ ಸಣ್ಣ ಸೆಟ್ಟು ಹಿಡಿಯುವ ಸ್ಟೇಷನ್ನುಗಳನ್ನು ಬೆಂಗಳೂರಿನ ಎಂಟನೇ ಮಹಡಿಯ ಹಾಲ್‌ನಲ್ಲಿ ಅದರ ಐದು ಪಟ್ಟು ಬೆಲೆಯ ಸೆಟ್ಟೂ ಹಿಡಿಯದು. ಸೆಟ್ಟಿಗೆ ಹಾಕುವ ಹಣದಲ್ಲಿ ಸ್ವಲ್ಪ ಉಳಿಸಿಕೊಂಡು ಜಾಗಕ್ಕೂ ತಂತಿಗೂ ಗಮನ ಕೊಟ್ಟವರು ಹೆಚ್ಚು ಕೇಳುತ್ತಾರೆ. ಈ ಹೋಲಿಕೆ ನಿಂತಿರುವುದೇ ಆ ಮಾತಿನ ಮೇಲೆ.

ಮೊದಲೇ ಹೇಳಬೇಕಾದ ಇನ್ನೊಂದು ವಿಷಯವಿದೆ. ಆಕಾಶವಾಣಿಯ ಕನ್ನಡ ಕಾರ್ಯಕ್ರಮವಷ್ಟೇ ಬೇಕಿದ್ದರೆ ಶಾರ್ಟ್‌ವೇವ್ ಸೆಟ್ಟು ಬೇಕಿಲ್ಲ. ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675, ಕಲಬುರಗಿಯ 1107 ಕಿಲೋಹರ್ಟ್ಸ್, ಇವೆಲ್ಲ ಮೀಡಿಯಂ ವೇವ್. ಉಳಿದದ್ದು ಎಫ್‌ಎಂ ಮತ್ತು ಮೊಬೈಲ್ ಆ್ಯಪ್‌ನಲ್ಲಿದೆ. ಶಾರ್ಟ್‌ವೇವ್ ಬೇಕಾಗುವುದು ದೂರದ ದೇಶಗಳ ಪ್ರಸಾರಕ್ಕೆ, ಹ್ಯಾಮ್‌ಗಳ (ಹವ್ಯಾಸಿ ರೇಡಿಯೋದವರ) ಮಾತುಕತೆಗೆ, ಸಮಯ ಸಂಕೇತಕ್ಕೆ, ವಿಮಾನಗಳ ಹವಾಮಾನ ಪ್ರಸಾರಕ್ಕೆ. ಪ್ರಸಾರಗಳು ಹಿಂದಿನಷ್ಟಿಲ್ಲ, ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಯಲ್ಲಿ ನಿಂತಿತು. ಆದರೂ ಸಂಜೆ ಏಳರ ಹೊತ್ತಿಗೆ 31 ಮತ್ತು 25 ಮೀಟರ್ ಬ್ಯಾಂಡ್ (ಸುಮಾರು 9600 ಮತ್ತು 11800 ಕಿಲೋಹರ್ಟ್ಸ್ ಸುತ್ತ) ತಿರುಗಿಸಿದರೆ ಚೀನಾ ರೇಡಿಯೋ ಇಂಟರ್‌ನ್ಯಾಷನಲ್ ಹತ್ತಾರು ಕಡೆ ಸಿಗುತ್ತದೆ. ಬಿಬಿಸಿ ವರ್ಲ್ಡ್ ಸರ್ವಿಸ್, ಜಪಾನಿನ ಎನ್‌ಎಚ್‌ಕೆ, ದಕ್ಷಿಣ ಕೊರಿಯಾದ ಕೆಬಿಎಸ್, ರೇಡಿಯೋ ರುಮೇನಿಯಾ ಈಗಲೂ ಗಾಳಿಯಲ್ಲಿವೆ.

ಪೆಟ್ಟಿಗೆಯ ಮೇಲಿನ “12 ಬ್ಯಾಂಡ್”

ಬ್ಯಾಂಡುಗಳ ಸಂಖ್ಯೆ ನೋಡಿ ಸೆಟ್ಟು ಆರಿಸುವುದು ತಪ್ಪು ದಾರಿ. ಹನ್ನೆರಡು ಬ್ಯಾಂಡ್ ಎಂದರೆ ಎಫ್‌ಎಂ ಒಂದು, ಮೀಡಿಯಂ ವೇವ್ ಒಂದು, ಶಾರ್ಟ್‌ವೇವನ್ನು ಹತ್ತು ತುಂಡು ಮಾಡಿದ್ದು ಎಂದಷ್ಟೇ ಅರ್ಥ. ಪ್ರತಿ ತುಂಡು ಒಂದೊಂದು ಮೀಟರ್ ಬ್ಯಾಂಡಿಗೆ ಹೊಂದಿರುತ್ತದೆ, ನಡುವಿನ ಜಾಗ ಬಿಟ್ಟುಹೋಗುತ್ತದೆ. ಹ್ಯಾಮ್‌ಗಳ 20 ಮೀಟರ್ ಬ್ಯಾಂಡ್, ಅಂದರೆ 14.000ರಿಂದ 14.350 ಮೆಗಾಹರ್ಟ್ಸ್, ಇಂಥ ಸೆಟ್ಟುಗಳಲ್ಲಿ ಬಹುತೇಕ ಇರುವುದೇ ಇಲ್ಲ. ಅಂಕಿ ತೋರಿಸುವ ಡಿಜಿಟಲ್ ಸೆಟ್ಟಿನಲ್ಲಿ 1711ರಿಂದ 29999 ಕಿಲೋಹರ್ಟ್ಸ್‌ವರೆಗೆ ಎಲ್ಲೂ ಕಡಿಯದೆ ಹೋಗಬಹುದು. ಅದರ ಪೆಟ್ಟಿಗೆಯ ಮೇಲೆ “ನಾಲ್ಕು ಬ್ಯಾಂಡ್” ಎಂದು ಬರೆದಿದ್ದರೂ ನಿಜದಲ್ಲಿ ಅದೇ ದೊಡ್ಡದು.

ನೋಡಬೇಕಾದ್ದು ನಾಲ್ಕು: ಫ್ರೀಕ್ವೆನ್ಸಿಯನ್ನು ಅಂಕಿಯಲ್ಲಿ ತೋರಿಸುತ್ತದೆಯೇ, ಅಂಕಿ ಒತ್ತಿ ನೇರವಾಗಿ ಹೋಗಬಹುದೇ, ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್, ಅಂದರೆ ಹ್ಯಾಮ್‌ಗಳು ಬಳಸುವ, ಸಂಕೇತದ ಒಂದೇ ಬದಿಯನ್ನು ಕಳಿಸುವ ವಿಧಾನ) ಇದೆಯೇ, ಹೊರಗಿನ ಏರಿಯಲ್‌ಗೆ ಸಾಕೆಟ್ ಇದೆಯೇ.

ಮುಳ್ಳಿನ ಸೆಟ್ಟುಗಳು

ಟೆಕ್ಸನ್ ಆರ್-9012 ಥರದ ಮುಳ್ಳು ಸರಿಯುವ ಸೆಟ್ಟುಗಳ ಬೆಲೆ ಕಡಿಮೆ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ವಾರಗಟ್ಟಲೆ ಓಡುತ್ತವೆ, ಯಾರು ಬೇಕಾದರೂ ತಿರುಗಿಸಬಹುದು. ವಯಸ್ಸಾದವರಿಗೆ, ಕರೆಂಟು ಹೋದಾಗ ಸುದ್ದಿ ಕೇಳಲು, ಒಂದೆರಡು ಸ್ಟೇಷನ್ನಿಗೆ ಇಟ್ಟುಬಿಡಲು ಇವು ಸಾಕು. ಸೂಕ್ಷ್ಮತೆಯೂ ಕಡಿಮೆಯೇನಲ್ಲ.

ಕೊರತೆ ಇರುವುದು ಬೇರೆ ಕಡೆ. ಮುಳ್ಳು ತೋರಿಸುವ ಜಾಗ ನಿಖರವಲ್ಲ. ಒಂದು ಕೂದಲೆಳೆ ಸರಿದರೆ ಎರಡು ಸ್ಟೇಷನ್ ದಾಟಿರುತ್ತದೆ. 9690ರಲ್ಲಿ ಪ್ರಸಾರವಿದೆ ಎಂದು ಗೊತ್ತಿದ್ದರೂ ಕಿವಿಯಿಂದಲೇ ಹುಡುಕಬೇಕು. ಇನ್ನೊಂದು ತೊಂದರೆ ನೆರಳು ಸ್ಟೇಷನ್ನಿನದು. ಒಮ್ಮೆ ಮಾತ್ರ ಫ್ರೀಕ್ವೆನ್ಸಿ ಬದಲಿಸುವ ಈ ಸೆಟ್ಟುಗಳ ಒಳಗಿನ ಮಧ್ಯಂತರ ಫ್ರೀಕ್ವೆನ್ಸಿ 455 ಕಿಲೋಹರ್ಟ್ಸ್. ಹಾಗಾಗಿ ಬಲವಾದ ಸ್ಟೇಷನ್ ತನ್ನ ಜಾಗದಿಂದ ಅದರ ಎರಡು ಪಟ್ಟು, ಅಂದರೆ 910 ಕಿಲೋಹರ್ಟ್ಸ್ ಕೆಳಗೆ ಮತ್ತೊಮ್ಮೆ ಕೇಳಿಸುತ್ತದೆ. 9600ರ ಸ್ಟೇಷನ್ 8690ರಲ್ಲೂ ಬಂದು ಕೂರುತ್ತದೆ. ಪ್ರಸಾರವೇ ಇರಬಾರದ ಜಾಗದಲ್ಲಿ ಸ್ಪಷ್ಟವಾದ ಸ್ಟೇಷನ್ ಸಿಕ್ಕರೆ ಈ ಲೆಕ್ಕ ಹಾಕಿ ನೋಡಿ. ಎರಡು ಬಾರಿ ಫ್ರೀಕ್ವೆನ್ಸಿ ಬದಲಿಸುವ ಆರ್-9700ಡಿಎಕ್ಸ್‌ನಲ್ಲಿ ಈ ಕಾಟ ಬಹಳ ಕಡಿಮೆ, ಮುಳ್ಳಿನ ಸೆಟ್ಟೇ ಬೇಕೆನ್ನುವವರಿಗೆ ಅದು ಒಳ್ಳೆಯ ಆಯ್ಕೆ.

ಎಕ್ಸ್‌ಎಚ್‌ಡೇಟಾ ಡಿ-219 ಥರದ್ದು ಇನ್ನೊಂದು ಬಗೆ: ಹೊರಗೆ ಮುಳ್ಳು, ಒಳಗೆ ಡಿಜಿಟಲ್ ಚಿಪ್. ನೆರಳು ಸ್ಟೇಷನ್ ಕಡಿಮೆ, ಸ್ಟೇಷನ್ ಜಾರುವುದಿಲ್ಲ, ಬೆಲೆ ತೀರಾ ಕಡಿಮೆ. ಆದರೆ ಇದರಲ್ಲಿ ಮುಳ್ಳು ಸರಾಗವಾಗಿ ಸರಿದರೂ ಟ್ಯೂನಿಂಗ್ ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತದೆ. ಸ್ಟೇಷನ್ ಥಟ್ಟನೆ ಬರುತ್ತದೆ, ಥಟ್ಟನೆ ಹೋಗುತ್ತದೆ. ಕ್ಷೀಣವಾದ ಸ್ಟೇಷನ್ನಿನ ಪಕ್ಕಕ್ಕೆ ತುಸು ಸರಿದು ಗದ್ದಲ ತಪ್ಪಿಸಿಕೊಳ್ಳುವ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ.

ಬಹುತೇಕರ ನಿಜವಾದ ಆಯ್ಕೆ: ಪಿಎಲ್-330 ಅಥವಾ ಡಿ-808

ಎಸ್‌ಎಸ್‌ಬಿ ಬೇಕು, ಅಂಕಿ ಒತ್ತಿ ಹೋಗಬೇಕು, ಚೀಲದಲ್ಲಿ ಒಯ್ಯಬೇಕು, ಹಣವೂ ಮಿತಿಯಲ್ಲಿರಬೇಕು ಎನ್ನುವವರ ಮುಂದೆ ಕೊನೆಗೆ ಉಳಿಯುವುದು ಟೆಕ್ಸನ್ ಪಿಎಲ್-330 ಮತ್ತು ಎಕ್ಸ್‌ಎಚ್‌ಡೇಟಾ ಡಿ-808. ಎರಡೂ ಒಳ್ಳೆಯ ಸೆಟ್ಟುಗಳೇ, ಆದರೆ ಒಂದೇ ಮನುಷ್ಯನಿಗೆ ಹೇಳಿ ಮಾಡಿಸಿದವಲ್ಲ.

ಪಿಎಲ್-330 ಚಿಕ್ಕದು, ಜಾಕೆಟ್ಟಿನ ಜೇಬಿಗೆ ಹೋಗುತ್ತದೆ. ಅದರ ದೊಡ್ಡ ಬಲ ಇಟಿಎಂ ಪ್ಲಸ್ ಎನ್ನುವ ಹುಡುಕಾಟ. ಇಡೀ ಶಾರ್ಟ್‌ವೇವ್ ಜಾಲಾಡಿ ಆ ಹೊತ್ತಿಗೆ ಸಿಗುವ ಸ್ಟೇಷನ್ನುಗಳನ್ನು ಹಿಡಿದಿಡುತ್ತದೆ, ಅದನ್ನು ಗಂಟೆಗೊಂದು ಪುಟದಂತೆ ಬೇರೆ ಬೇರೆಯಾಗಿ ಇಡುತ್ತದೆ. ಇವತ್ತು ರಾತ್ರಿ ಎಂಟಕ್ಕೆ ಹುಡುಕಿದ್ದು ನಾಳೆ ಎಂಟಕ್ಕೆ ಸಿದ್ಧವಾಗಿರುತ್ತದೆ; ಬೆಳಗಿನ ಪಟ್ಟಿ ಅದರೊಂದಿಗೆ ಬೆರೆಯುವುದಿಲ್ಲ, ನೀವೇ ಉಳಿಸಿದ ಮೆಮೊರಿಯೂ ಹಾಳಾಗುವುದಿಲ್ಲ. ಶಾರ್ಟ್‌ವೇವ್‌ನಲ್ಲಿ ಹೊತ್ತಿಗೆ ತಕ್ಕಂತೆ ಸ್ಟೇಷನ್ ಬದಲಾಗುವುದರಿಂದ ಹೊಸಬರಿಗೆ ಇದರಷ್ಟು ನೆರವಾಗುವ ಸೌಲಭ್ಯ ಮತ್ತೊಂದಿಲ್ಲ. ಇದು ಸರಿಯಾಗಿ ನಡೆಯಬೇಕಾದರೆ ಗಡಿಯಾರವನ್ನು ಮೊದಲು ಹೊಂದಿಸಿರಬೇಕು.

ಬ್ಯಾಟರಿ ವಿಷಯದಲ್ಲೂ ಪಿಎಲ್-330ಗೆ ನಮ್ಮಲ್ಲಿ ಅನುಕೂಲವಿದೆ. ಅದಕ್ಕೆ ಬೇಕಾದ್ದು ಬಿಎಲ್-5ಸಿ, ಹಳೆಯ ನೋಕಿಯಾ ಕೀಪ್ಯಾಡ್ ಫೋನುಗಳ ಅದೇ ಬ್ಯಾಟರಿ. ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಅಗ್ಗದ ನಕಲಿ ಬಿಎಲ್-5ಸಿ ಆರು ತಿಂಗಳಲ್ಲಿ ಉಬ್ಬಿ ಹಿಂಬದಿಯ ಮುಚ್ಚಳವನ್ನೇ ಎತ್ತಬಹುದು, ಆದ್ದರಿಂದ ಸ್ವಲ್ಪ ಹೆಚ್ಚು ಕೊಟ್ಟು ಒಳ್ಳೆಯದನ್ನೇ ತನ್ನಿ. ಉಬ್ಬಿದ್ದು ಕಂಡರೆ ಅಂದೇ ತೆಗೆದುಬಿಡಿ.

ಡಿ-808 ತುಸು ದೊಡ್ಡದು, ಸ್ಪೀಕರ್ ದನಿ ಹೆಚ್ಚು ತುಂಬಿದ್ದು. ಗಂಟೆಗಟ್ಟಲೆ ಮಾತು ಕೇಳುವವರಿಗೆ ಈ ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತದೆ. ಮೀಡಿಯಂ ವೇವ್‌ನಲ್ಲಿ ಅದರ ಒಳಗಿನ ಏರಿಯಲ್ ಆದ ಫೆರೈಟ್ ಕಡ್ಡಿ ಚೆನ್ನಾಗಿ ಹಿಡಿಯುತ್ತದೆ. ರಾತ್ರಿ ಹೊತ್ತು ಶ್ರೀಲಂಕಾದ ಪುತ್ತಲಂನಿಂದ ಬರುವ 882 ಕಿಲೋಹರ್ಟ್ಸ್ ಪ್ರಸಾರವನ್ನು ಎರಡೂ ಸೆಟ್ಟಿನಲ್ಲಿ ಇಟ್ಟು ನೋಡಿದರೆ ಈ ಮಾತು ಪರೀಕ್ಷೆಗೆ ಸಿಗುತ್ತದೆ. 118ರಿಂದ 137 ಮೆಗಾಹರ್ಟ್ಸ್‌ನ ವಿಮಾನ ಬ್ಯಾಂಡೂ ಡಿ-808ರಲ್ಲಿದೆ, ಪಿಎಲ್-330ರಲ್ಲಿಲ್ಲ. ಎಫ್‌ಎಂನಲ್ಲಿ ಸ್ಟೇಷನ್ ಹೆಸರು ತೋರಿಸುವ ಆರ್‌ಡಿಎಸ್ ಕೂಡ ಡಿ-808ರ ಪಾಲಿಗೇ.

ಡಿ-808 ಓಡುವುದು ಒಂದು 18650 ಲಿಥಿಯಂ ಸೆಲ್‌ನಲ್ಲಿ. ಹೊಸ ಸೆಲ್ ತರುವಾಗ ಎರಡು ಎಚ್ಚರ. ಮೇಲೆ 9900 ಎಂಎಎಚ್ ಎಂದು ಬರೆದದ್ದು ಸುಳ್ಳು. ಈ ಅಳತೆಯ ಒಳ್ಳೆಯ ಸೆಲ್‌ಗಳು ಸುಮಾರು 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಇನ್ನೊಂದು, ರಕ್ಷಣಾ ಸರ್ಕ್ಯೂಟ್ ಇರುವ ಸೆಲ್‌ಗಳು 65 ಮಿಲಿಮೀಟರ್‌ಗಿಂತ ನಾಲ್ಕೈದು ಮಿಲಿಮೀಟರ್ ಉದ್ದವಾಗಿರುತ್ತವೆ. ಒತ್ತಾಯದಿಂದ ತುರುಕಿದರೆ ಸ್ಪ್ರಿಂಗ್ ಬಾಗುತ್ತದೆ.

ಎಸ್‌ಎಸ್‌ಬಿಯಲ್ಲಿ ಎರಡೂ ಹತ್ತು ಹರ್ಟ್ಸ್ ಮೆಟ್ಟಿಲಿನಲ್ಲಿ ಟ್ಯೂನ್ ಆಗುತ್ತವೆ. ಡಿ-808ರಲ್ಲಿ ಬಲವಾದ ಎಸ್‌ಎಸ್‌ಬಿ ಬಂದಾಗ ಮಾತಿನ ಮೊದಲ ಅಕ್ಷರ ಒಡೆದಂತೆ ಕೇಳುವುದುಂಟು. ಏರಿಯಲ್ ಕಡ್ಡಿಯನ್ನು ಅರ್ಧಕ್ಕೆ ಇಳಿಸಿದರೆ ಸರಿಹೋಗುತ್ತದೆ. ಪಿಎಲ್-330ರಲ್ಲಿ ಡಿಸ್‌ಪ್ಲೇಯ ಅಂಕಿ ನಿಜವಾದ ಫ್ರೀಕ್ವೆನ್ಸಿಗೆ ತಾಳೆಯಾಗುವಂತೆ ಸರಿಪಡಿಸಿಕೊಳ್ಳಬಹುದು. ಅದರಲ್ಲಿ ಸಿಂಕ್ ಡಿಟೆಕ್ಷನ್ (ದನಿ ಒಡೆಯದಂತೆ ತಡೆಯುವ ಸೌಲಭ್ಯ, ವಿವರ ಮುಂದಿದೆ) ಇದೆ ಎಂದು ಜಾಹೀರಾತು ಹೇಳುತ್ತದೆ. ಇದೆ ನಿಜ, ಆದರೆ ಹಿಡಿತ ಸಡಿಲ. ಸ್ಟೇಷನ್ ಏರಿಳಿದಾಗ ಬಿಟ್ಟುಕೊಟ್ಟು ಸಿಳ್ಳೆ ಹೊಡೆಯುತ್ತದೆ. ಅದೊಂದಕ್ಕಾಗಿ ಪಿಎಲ್-330 ಕೊಳ್ಳಬೇಡಿ.

ಎರಡಕ್ಕೂ ಸಮಾನವಾದ ಕೊರತೆಯೂ ಇದೆ. ನಾಬ್ ತಿರುಗಿಸುವಾಗ ಮೆಟ್ಟಿಲಿನಿಂದ ಮೆಟ್ಟಿಲಿಗೆ ದನಿ ಕ್ಷಣಕಾಲ ಕಟ್ ಆಗುತ್ತದೆ. ಈ ಚಿಪ್‌ಗಳ ಸ್ವಭಾವವೇ ಅದು. ಬ್ಯಾಂಡಿನ ಉದ್ದಕ್ಕೂ ನಿಧಾನವಾಗಿ ತಿರುಗಿಸುತ್ತಾ ಹೋಗುವ ಅಭ್ಯಾಸ ಇದ್ದವರಿಗೆ ಕಿರಿಕಿರಿ ಆಗುತ್ತದೆ. ಅಂಕಿ ಒತ್ತಿ ಹೋಗುವವರಿಗೆ ಗೊತ್ತೇ ಆಗುವುದಿಲ್ಲ.

ತೀರ್ಪು ಕೇಳಿದರೆ: ಪ್ರಯಾಣ ಹೆಚ್ಚು, ಶಾರ್ಟ್‌ವೇವೇ ಮುಖ್ಯ, ಹೊಸಬರು ಎನ್ನುವುದಾದರೆ ಪಿಎಲ್-330. ಮನೆಯಲ್ಲೇ ಇಟ್ಟು ಕೇಳುವುದು, ಮೀಡಿಯಂ ವೇವ್‌ನಲ್ಲಿ ದೂರದ ಸ್ಟೇಷನ್ ಹಿಡಿಯುವ ಆಸೆ, ದನಿಯ ಸೊಗಸು ಬೇಕು ಎಂದರೆ ಡಿ-808.

ಹಳೆಯ ಜಾಯಮಾನದ ಗಟ್ಟಿ ಸೆಟ್ಟುಗಳು

ಟೆಕ್ಸನ್ ಪಿಎಲ್-660, ಪಿಎಲ್-680 ಮತ್ತು ಸೋನಿ ಐಸಿಎಫ್-ಎಸ್‌ಡಬ್ಲ್ಯೂ7600ಜಿಆರ್ ಇನ್ನೊಂದು ಪಂಗಡ. ಇವುಗಳಲ್ಲಿ ಸಂಕೇತವನ್ನು ಅಂಕಿಗಳಾಗಿಸಿ ಸಂಸ್ಕರಿಸುವ ಡಿಎಸ್‌ಪಿ ಚಿಪ್ ಇಲ್ಲ. ಬರುವ ಫ್ರೀಕ್ವೆನ್ಸಿಯನ್ನು ಮೊದಲು 55 ಮೆಗಾಹರ್ಟ್ಸ್ ಎತ್ತರಕ್ಕೆ ಏರಿಸಿ, ಆಮೇಲೆ 455 ಕಿಲೋಹರ್ಟ್ಸ್‌ಗೆ ಇಳಿಸುತ್ತವೆ. ನೆರಳು ಸ್ಟೇಷನ್ನಿನ ಕಾಟ ಅಲ್ಲಿಗೆ ತೀರುತ್ತದೆ.

ಇವುಗಳ ಹೆಗ್ಗಳಿಕೆ ಸಿಂಕ್ ಡಿಟೆಕ್ಷನ್. ದೂರದ ಪ್ರಸಾರ ಅಯಾನುಗೋಲಕ್ಕೆ ಬಡಿದು ಹಲವು ದಾರಿಗಳಿಂದ ಬರುವಾಗ ಮಧ್ಯದ ವಾಹಕ ಅಲೆ ಮಾತ್ರ ಕುಸಿದು ಮಾತು ಬಿರುಕು ಬಿಟ್ಟಂತೆ ಕೇಳುತ್ತದೆ. ಸಿಂಕ್ ಇದ್ದರೆ ಸೆಟ್ಟು ಆ ವಾಹಕವನ್ನು ತಾನೇ ಹುಟ್ಟಿಸಿ ಜೋಡಿಸುತ್ತದೆ, ದನಿ ಒಡೆಯುವುದಿಲ್ಲ. ಮೇಲಿನ ಬದಿ ಅಥವಾ ಕೆಳಗಿನ ಬದಿ ಯಾವುದು ಬೇಕೋ ಅದನ್ನು ಆರಿಸಿ ಪಕ್ಕದ ಸ್ಟೇಷನ್ನಿನ ಗದ್ದಲವನ್ನೂ ತಪ್ಪಿಸಬಹುದು. ಪ್ರಸಾರ ಕೇಂದ್ರಗಳನ್ನು ದಿನವೂ ಕೇಳುವವರಿಗೆ ಪಿಎಲ್-660ರ ಸಿಂಕ್ ಒಂದೇ ಸಾಕು, ಅದನ್ನು ಆರಿಸಲು. ತಿರುಗಿಸುವಾಗ ದನಿ ಕಟ್ ಆಗುವುದೂ ಇಲ್ಲಿಲ್ಲ.

ಬದಲಿಗೆ ಬಿಟ್ಟುಕೊಡಬೇಕಾದ್ದು ಪಕ್ಕದ ಸ್ಟೇಷನ್ನುಗಳನ್ನು ಸೋಸುವ ಫಿಲ್ಟರ್‌ಗಳ ಆಯ್ಕೆ. ಟೆಕ್ಸನ್‌ಗಳಲ್ಲಿ ಅಗಲ, ಕಿರಿದು ಎಂದು ಎರಡೇ ಇವೆ, ಸೋನಿಯಲ್ಲಿ ಒಂದೇ. ಪಿಎಲ್-330, ಡಿ-808ಗಳಲ್ಲಿ ಹಲವು. ಪ್ರಸಾರಗಳು 5 ಕಿಲೋಹರ್ಟ್ಸ್ ಅಂತರದಲ್ಲಿ ಕೂತಾಗ 3 ಕಿಲೋಹರ್ಟ್ಸ್ ಸುಮಾರಿನ ಫಿಲ್ಟರ್ ಇರುವ ಸೆಟ್ಟು ಗೆಲ್ಲುತ್ತದೆ. ಮಾತು ತುಸು ಮಂಕಾಗುತ್ತದೆ, ಆದರೆ ಅರ್ಥವಾಗುತ್ತದೆ.

ನಾಲ್ಕು ಎಎ ಸೆಲ್‌ನಲ್ಲಿ ಓಡುವುದು ಇವುಗಳ ಇನ್ನೊಂದು ಗುಣ, ಎಲ್ಲಿ ಹೋದರೂ ಸೆಲ್ ಸಿಗುತ್ತದೆ. ಟೆಕ್ಸನ್ ಸೆಟ್ಟುಗಳು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳನ್ನು ಒಳಗಿಟ್ಟೇ ಚಾರ್ಜ್ ಮಾಡಬಲ್ಲವು. ಹಾಗಾಗಿ ಸೆಟ್ಟಿಂಗ್‌ನಲ್ಲಿ ಸೆಲ್‌ನ ಬಗೆ ಸರಿಯಾಗಿದೆಯೇ ನೋಡಿಕೊಳ್ಳಿ. ಮಾಮೂಲಿ ಆಲ್ಕಲೈನ್ ಸೆಲ್ ಹಾಕಿ ಚಾರ್ಜರ್ ಚುಚ್ಚಿದರೆ ಸೆಲ್ ಸೋರಿ ಸ್ಪ್ರಿಂಗ್ ತಿಂದುಹಾಕುತ್ತದೆ.

ಸೋನಿ 7600ಜಿಆರ್ ಈಗ ತಯಾರಾಗುವುದಿಲ್ಲ, ಸಿಕ್ಕರೆ ಸೆಕೆಂಡ್ ಹ್ಯಾಂಡ್ ಮಾತ್ರ. ಅದರಲ್ಲಿ ಟ್ಯೂನಿಂಗ್ ನಾಬ್ ಇಲ್ಲ, ಎಲ್ಲವೂ ಬಟನ್. ಸಿಂಕ್ ಮಾತ್ರ ಅತ್ಯುತ್ತಮ. ಕೊಳ್ಳುವಾಗ ಸೆಲ್ ಕೋಣೆಯಲ್ಲಿ ಹಸಿರು ಅಥವಾ ಬಿಳಿ ಪುಡಿ ಇದೆಯೇ, ಏರಿಯಲ್ ಕಡ್ಡಿಯ ಬುಡ ಅಲುಗುತ್ತದೆಯೇ, ಎಲ್ಲ ಬಟನ್ನೂ ಒಂದೇ ಒತ್ತಿಗೆ ಕೆಲಸ ಮಾಡುತ್ತದೆಯೇ ನೋಡಿ. ಕಡ್ಡಿ ಎಳೆದಾಗ ಶಾರ್ಟ್‌ವೇವ್ ಗದ್ದಲ ಸ್ವಲ್ಪವೂ ಏರದಿದ್ದರೆ ಮುಂಭಾಗದ ಟ್ರಾನ್ಸಿಸ್ಟರ್ ಸುಟ್ಟಿರಬಹುದು. ಎಫ್‌ಎಂ ಚೆನ್ನಾಗಿ ಹಾಡುತ್ತಿದೆ ಎಂದು ಮಾರುವವರು ತೋರಿಸುವುದು ಇದಕ್ಕೆ ಉತ್ತರವಲ್ಲ.

ದೊಡ್ಡ ಬೆಲೆಯವು, ತೀರಾ ಹೊಸವು

ಟೆಕ್ಸನ್ ಪಿಎಲ್-880, ಪಿಎಲ್-990, ಸ್ಯಾಂಜೀನ್ ಎಟಿಎಸ್-909ಎಕ್ಸ್2 ಇವೆಲ್ಲ ದನಿಯಲ್ಲಿ, ಕಟ್ಟುವಿಕೆಯಲ್ಲಿ ಮೇಲು. ಕ್ಷೀಣ ಸ್ಟೇಷನ್ ಹಿಡಿಯುವುದರಲ್ಲಿ ಪಿಎಲ್-330ಗಿಂತ ಬೆಲೆಯ ಅಂತರದಷ್ಟು ಮುಂದಿಲ್ಲ. ಉದ್ದ ತಂತಿ ಕಟ್ಟುವ ಜಾಗ ಇದ್ದವರಿಗೆ, ಬಲವಾದ ಸಂಕೇತ ತಾಳಿಕೊಳ್ಳುವ ಸೆಟ್ಟು ಬೇಕಾದವರಿಗೆ ಇವು ಸಾರ್ಥಕ.

ಎಟಿಎಸ್-20, ಎಟಿಎಸ್-25 ಎಂಬ ಹೆಸರಿನಲ್ಲಿ ಬರುವ ಎಸ್ಐ4732 ಚಿಪ್‌ನ ಚಿಕ್ಕ ಪೆಟ್ಟಿಗೆಗಳು ಪ್ರಯೋಗ ಮಾಡುವವರಿಗೆ ಚೆನ್ನ. ಸಾಫ್ಟ್‌ವೇರ್ ಬದಲಿಸಬಹುದು, ಬೆಸುಗೆ ಹಾಕಿ ಸುಧಾರಿಸಬಹುದು. ಆದರೆ ಮುಂಭಾಗದಲ್ಲಿ ಬ್ಯಾಂಡ್‌ಗೆ ತಕ್ಕ ಫಿಲ್ಟರ್ ಇಲ್ಲ. ನಗರದಲ್ಲಿ ಎಫ್‌ಎಂ ಟವರ್ ಹತ್ತಿರವಿದ್ದರೆ ಶಾರ್ಟ್‌ವೇವ್ ಮಧ್ಯೆ ಸಿನಿಮಾ ಹಾಡು ನುಗ್ಗುತ್ತದೆ. ಮೊದಲ ಸೆಟ್ಟಾಗಿ ಬೇಡ.

ಇವೆಲ್ಲದರ ಪಕ್ಕದಲ್ಲಿ ಇನ್ನೊಂದು ಆಯ್ಕೆಯನ್ನೂ ಇಡಬೇಕು: ಇಂಟರ್‌ನೆಟ್ ಮೂಲಕ ಬೇರೆಯವರ ರಿಸೀವರ್ ಬಳಸುವುದು. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಮತ್ತು ಹಲವು ದೇಶಗಳಲ್ಲಿರುವ ಕಿವಿಎಸ್‌ಡಿಆರ್‌ಗಳು ಪುಕ್ಕಟೆ. ಮನೆಯಲ್ಲಿ ಗದ್ದಲ ವಿಪರೀತವಿದ್ದು ಬಾಲ್ಕನಿಯೂ ಇಲ್ಲದವರು ಮೊದಲು ಅಲ್ಲಿ ಒಂದು ತಿಂಗಳು ಕೇಳಿ, ಈ ಹವ್ಯಾಸ ಹಿಡಿಸುತ್ತದೆಯೇ ಎಂದು ತಿಳಿದುಕೊಳ್ಳಬಹುದು.

ಕೊಳ್ಳುವ ಮುಂಚೆ ಮನೆಯ ಪರೀಕ್ಷೆ

ಯಾವುದಾದರೂ ಹಳೆಯ ಮೀಡಿಯಂ ವೇವ್ ರೇಡಿಯೋ ಸೆಲ್ ಮೇಲೆ ಓಡಿಸಿ, ಸ್ಟೇಷನ್ ಇಲ್ಲದ ಜಾಗಕ್ಕೆ ಇಡಿ. ಗೊರಗೊರ ಜೋರಾಗಿದೆಯೇ? ಮೇನ್ ಎಂಸಿಬಿ ಆಫ್ ಮಾಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಗದ್ದಲ ಇಳಿದರೆ ಮೂಲ ನಿಮ್ಮ ಮನೆಯಲ್ಲೇ ಇದೆ. ಒಂದೊಂದೇ ಎಂಸಿಬಿ ಎತ್ತುತ್ತಾ ಪತ್ತೆ ಮಾಡಿ. ಸಾಮಾನ್ಯ ಅಪರಾಧಿಗಳು ಅಗ್ಗದ ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಇಂಡಕ್ಷನ್ ಒಲೆ, ವೈಫೈ ಪೆಟ್ಟಿಗೆಯ ಅಡಾಪ್ಟರ್. ಎಲ್ಲ ಆಫ್ ಮಾಡಿದರೂ ಗದ್ದಲ ಇಳಿಯದಿದ್ದರೆ ಅದು ಪಕ್ಕದ ಮನೆ ಅಥವಾ ಬೀದಿಯ ಲೈನಿನದು. ಆಗ ದುಬಾರಿ ಸೆಟ್ಟು ತಂದರೆ ಅದೇ ಗದ್ದಲ ಇನ್ನೂ ಚೆನ್ನಾಗಿ ಕೇಳುತ್ತದೆ, ಅಷ್ಟೆ. ಹಣವನ್ನು ತಾರಸಿಯವರೆಗೆ ಹೋಗುವ ಏರಿಯಲ್‌ಗೆ ಹಾಕಿ.

ಮೀಡಿಯಂ ವೇವ್ ವಲಯದ ಕೆಲವೊಂದು ಗದ್ದಲವನ್ನು ಸೆಟ್ಟು ತಿರುಗಿಸಿಯೇ ತಪ್ಪಿಸಬಹುದು. ಫೆರೈಟ್ ಕಡ್ಡಿಯ ತುದಿ ಗದ್ದಲದ ಕಡೆಗೆ ಬಂದಾಗ ಅದು ಅಡಗುತ್ತದೆ. ಶಾರ್ಟ್‌ವೇವ್‌ನಲ್ಲಿ ಕೆಲಸ ಮಾಡುವುದು ಏರಿಯಲ್ ಕಡ್ಡಿಯಾದ್ದರಿಂದ ಈ ಉಪಾಯ ನಡೆಯುವುದಿಲ್ಲ.

ಹೊಸ ಸೆಟ್ಟಿನ ಮೊದಲ ಸಂಜೆ

ಅಂಗಡಿಯಿಂದಲೋ ಆನ್‌ಲೈನಿಂದಲೋ ಬಂದ ಸೆಟ್ಟನ್ನು ವಾಪಸ್ ಮಾಡುವ ಅವಧಿಯೊಳಗೇ ಪರೀಕ್ಷಿಸಬೇಕು. ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಕೇಳಿ. ಚಾರ್ಜ್ ಆಗುತ್ತಿರುವಾಗ ಬರುವ ಗುಂಯ್‌ಗುಡುವಿಕೆ ಸೆಟ್ಟಿನ ದೋಷವಲ್ಲ.

ಮೊದಲು ಮೀಡಿಯಂ ವೇವ್ ಮೆಟ್ಟಿಲನ್ನು 9 ಕಿಲೋಹರ್ಟ್ಸ್‌ಗೆ ಇಡಿ. ಅಮೆರಿಕದ 10ರಲ್ಲಿ ಬಿಟ್ಟರೆ ಸ್ವಯಂ ಹುಡುಕಾಟದಲ್ಲಿ 612, 765 ಎಂಬ ನಮ್ಮ ಸ್ಟೇಷನ್ನುಗಳು ಸಿಗುವುದಿಲ್ಲ, ಸೆಟ್ಟು ಕೆಟ್ಟಿದೆ ಎಂದುಕೊಳ್ಳುತ್ತೀರಿ. 612ರ ತುಸು ಮೇಲೆ, 621ರ ಸುತ್ತ ಬರೀ ಸುಯ್ ಎನ್ನುವ ಸದ್ದು ಕೇಳಿದರೆ ಅದು ಆಕಾಶವಾಣಿಯ ಡಿಜಿಟಲ್ ಡಿಆರ್‌ಎಂ ಪ್ರಸಾರ. ಇಲ್ಲಿ ಹೇಳಿದ ಯಾವ ಸೆಟ್ಟೂ ಅದನ್ನು ಬಿಡಿಸಲಾರದು.

ಕತ್ತಲಾದ ಮೇಲೆ 10000 ಕಿಲೋಹರ್ಟ್ಸ್‌ಗೆ ಹೋಗಿ. ಚೀನಾದ ಬಿಪಿಎಂ ಸಮಯ ಕೇಂದ್ರದ ಸೆಕೆಂಡಿಗೊಂದು ಟಿಕ್ ಸದ್ದು ಕೇಳಿಸಬೇಕು, 5000ದಲ್ಲೂ ನೋಡಿ. ಈಗ ಯುಎಸ್‌ಬಿ (ಎಸ್‌ಎಸ್‌ಬಿಯ ಮೇಲಿನ ಬದಿ) ಒತ್ತಿ, ಸಿಳ್ಳೆ ದಪ್ಪಗಾಗುತ್ತಾ ಅಡಗುವವರೆಗೆ ಸಣ್ಣ ಮೆಟ್ಟಿಲಿನಲ್ಲಿ ಸರಿಸಿ. ಎಲ್‌ಎಸ್‌ಬಿಗೆ (ಕೆಳಗಿನ ಬದಿಗೆ) ಬದಲಿಸಿದರೂ ಅದೇ ಜಾಗದಲ್ಲಿ ಅಡಗಿರಬೇಕು. ಡಿಸ್‌ಪ್ಲೇ ಅಂಕಿ 10000ಕ್ಕಿಂತ ಎಷ್ಟು ಆಚೀಚೆ ಇದೆಯೋ ಅಷ್ಟು ನಿಮ್ಮ ಸೆಟ್ಟಿನ ತಪ್ಪು. ಪಿಎಲ್-330, ಪಿಎಲ್-880ಗಳಲ್ಲಿ ಹೀಗೆ ಅಡಗಿಸಿದ ಮೇಲೆ ಆ ಬದಿಯ ಬಟನ್ನನ್ನೇ ಒತ್ತಿ ಹಿಡಿದರೆ ಸೆಟ್ಟು ತಿದ್ದಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ನೂರಾರು ಹರ್ಟ್ಸ್ ಜಾರಿದ್ದರೆ ವಾಪಸ್ ಮಾಡುವುದೇ ವಾಸಿ.

ಎಸ್‌ಎಸ್‌ಬಿಯ ಮಾತಿನ ಪರೀಕ್ಷೆಗೆ 6676 ಮತ್ತು 11387 ಒಳ್ಳೆಯವು. ಮುಂಬೈ ವೋಲ್ಮೆಟ್ ಎಂಬ ಕೇಂದ್ರ ಯುಎಸ್‌ಬಿಯಲ್ಲಿ ವಿಮಾನ ನಿಲ್ದಾಣಗಳ ಹವಾಮಾನವನ್ನು ಆಗಾಗ ಓದುತ್ತದೆ. ಹ್ಯಾಮ್‌ಗಳನ್ನು ಬೆಳಗ್ಗೆ 7000ದಿಂದ 7200ರ ನಡುವೆ ಎಲ್‌ಎಸ್‌ಬಿಯಲ್ಲಿ ಹುಡುಕಿ. 10 ಮೆಗಾಹರ್ಟ್ಸ್‌ಗಿಂತ ಮೇಲೆ ಅವರು ಯುಎಸ್‌ಬಿ ಬಳಸುತ್ತಾರೆ. ಮಾತು ಬಾತುಕೋಳಿ ಕೂಗಿದಂತಿದ್ದರೆ ಹತ್ತು ಹರ್ಟ್ಸ್ ಮೆಟ್ಟಿಲಿನಲ್ಲಿ ನಿಧಾನ ಸರಿಸಿ, ಮನುಷ್ಯರ ದನಿಯಾಗುತ್ತದೆ. ಎಷ್ಟು ಸರಿಸಿದರೂ ಅರ್ಥವಾಗದಿದ್ದರೆ ಬದಿ ತಪ್ಪಿದೆ.

ಪ್ರಸಾರಗಳ ವೇಳಾಪಟ್ಟಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಹೊತ್ತು. 1330 ಎಂದಿದ್ದರೆ ಸಂಜೆ ಏಳು. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಇಡೀ ಪಟ್ಟಿ ಬದಲಾಗುತ್ತದೆ. ನಿನ್ನೆಯವರೆಗೆ ಬರುತ್ತಿದ್ದ ಸ್ಟೇಷನ್ ಅಂದು ಕಾಣೆಯಾದರೆ ಸೆಟ್ಟನ್ನು ದೂರಬೇಡಿ. ಹಗಲಿಗೆ 13 ಮೆಗಾಹರ್ಟ್ಸ್‌ಗಿಂತ ಮೇಲೆ, ರಾತ್ರಿಗೆ 10ಕ್ಕಿಂತ ಕೆಳಗೆ, ಸಂಜೆ ಮತ್ತು ಮುಂಜಾನೆ 9ರಿಂದ 12ರ ನಡುವೆ ಹುಡುಕಿದರೆ ಕೈ ಬರಿದಾಗುವುದಿಲ್ಲ.

ತಂತಿ: ಅಗ್ಗದ ಸುಧಾರಣೆ

ಸೆಟ್ಟು ಯಾವುದೇ ಇರಲಿ, ಏಳರಿಂದ ಹತ್ತು ಮೀಟರ್ ಪ್ಲಾಸ್ಟಿಕ್ ಹೊದಿಕೆಯ ಮಾಮೂಲಿ ವೈರಿಂಗ್ ತಂತಿ ಸಾಕು. ಒಂದು ತುದಿ ಕಿಟಕಿಯಾಚೆ, ಕರೆಂಟ್ ಲೈನಿನಿಂದ ದೂರ, ಮರಕ್ಕೋ ಬಾಲ್ಕನಿ ಕಂಬಿಗೋ ನೈಲಾನ್ ದಾರದಿಂದ ಕಟ್ಟಿ. ಲೈನಿನ ಮೇಲಾಗಲಿ ಕೆಳಗಾಗಲಿ ತಂತಿ ಹಾಯಬಾರದು, ಕಳಚಿ ಬಿದ್ದರೂ ಲೈನಿಗೆ ತಾಗುವ ಸಾಧ್ಯತೆ ಇರಬಾರದು. ಇನ್ನೊಂದು ತುದಿಯನ್ನು 3.5 ಮಿಲಿಮೀಟರ್ ಮೊನೊ ಪಿನ್ನಿನ ತುದಿಗೆ ಬೆಸುಗೆ ಹಾಕಿ ಸಾಕೆಟ್ಟಿಗೆ ಚುಚ್ಚಿ. ಸಾಕೆಟ್ ಇಲ್ಲದ ಸೆಟ್ಟಿಗೆ ಮೊಸಳೆ ಕ್ಲಿಪ್ಪಿನಿಂದ ಏರಿಯಲ್ ಕಡ್ಡಿಗೆ ಸಿಕ್ಕಿಸಿ. ಪಿನ್ನಿನ ಬುಡಕ್ಕೆ ಮೂರ್ನಾಲ್ಕು ಮೀಟರ್ ತಂತಿ ಹಾಕಿ ನೆಲದ ಮೇಲೆ ಬಿಟ್ಟರೆ ಗದ್ದಲ ಇನ್ನಷ್ಟು ತಗ್ಗುವುದುಂಟು.

ತಂತಿ ಹಾಕಿದ ಮೇಲೆ ಎಲ್ಲ ಕಡೆ ಒಂದೇ ಸ್ಟೇಷನ್ ಕೇಳಿಸತೊಡಗಿದರೆ, ಅಥವಾ ಖಾಲಿ ಜಾಗಗಳಲ್ಲಿ ಎರಡು ಸ್ಟೇಷನ್ ಬೆರೆತು ಬಂದರೆ, ಸೆಟ್ಟಿಗೆ ಸಂಕೇತ ಹೆಚ್ಚಾಗಿದೆ. ಡಿಎಕ್ಸ್ (ದೂರದ ಸ್ಟೇಷನ್) ಸ್ವಿಚ್ಚನ್ನು ಲೋಕಲ್‌ಗೆ (ಹತ್ತಿರದ್ದಕ್ಕೆ) ತನ್ನಿ. ಸಾಲದಿದ್ದರೆ ಕ್ಲಿಪ್ ತೆಗೆದು, ತಂತಿಯ ಹೊದಿಕೆ ಸುಲಿಯದೆ ಕಡ್ಡಿಗೆ ನಾಲ್ಕೈದು ಸುತ್ತು ಸುತ್ತಿ. ಚಿಕ್ಕ ಸೆಟ್ಟುಗಳಿಗೆ ಈ ಸಡಿಲ ಜೋಡಣೆಯೇ ಹಿತ. ಫ್ಲ್ಯಾಟಿನವರು ಎಂಎಲ್ಎ-30 ಥರದ ಸಕ್ರಿಯ (ತನ್ನದೇ ಆಂಪ್ಲಿಫೈಯರ್ ಇರುವ) ಲೂಪ್ ಏರಿಯಲ್ ನೋಡಬಹುದು. ಅದಕ್ಕೆ ಬೇಕಾದ 5 ವೋಲ್ಟನ್ನು ಪವರ್ ಬ್ಯಾಂಕಿನಿಂದ ಕೊಡಿ, ಚಾರ್ಜರ್‌ನಿಂದ ಕೊಟ್ಟರೆ ಅದರ ಗದ್ದಲವೇ ಸೇರಿಕೊಳ್ಳುತ್ತದೆ.

ಏರಿಯಲ್ ಕಡ್ಡಿ ಮಡಿಸುವಾಗ ತುದಿ ಹಿಡಿದು ಒತ್ತಬೇಡಿ, ದಪ್ಪನೆಯ ಕೆಳಗಿನ ತುಂಡಿನಿಂದ ಶುರುಮಾಡಿ ಒಂದೊಂದಾಗಿ ಒಳಗೆ ಸರಿಸಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಸೆಟ್ಟನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳದ ಡಬ್ಬಿಯಲ್ಲಿಡಿ; ಬಳಸದ ತಿಂಗಳುಗಳಲ್ಲಿ ಪೆನ್ಸಿಲ್ ಸೆಲ್ ಒಳಗಿರಬಾರದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ದೂರದಲ್ಲಿ ಬಿದ್ದರೂ ಹೊರಗಿನ ತಂತಿಯಲ್ಲಿ ಏರುವ ವೋಲ್ಟೇಜು ಸೆಟ್ಟಿನ ಮುಂಭಾಗದ ಟ್ರಾನ್ಸಿಸ್ಟರನ್ನು ಸುಡಲು ಸಾಕು. ಮೋಡ ಕವಿಯುವ ಮುಂಚೆಯೇ ತಂತಿ ಕಳಚಿ, ತುದಿಯನ್ನು ಕಿಟಕಿಯ ಹೊರಗೆ ಬಿಡಿ. ಮಿಂಚು ಶುರುವಾದ ಮೇಲೆ ಆ ತಂತಿಯನ್ನು ಮುಟ್ಟಲೇಬೇಡಿ.